ಹನ್ನೊಂದು ಕಟ್ಟು ಪೈರು

ನಮ್ಮ ಅಜ್ಜಿ ರಾಗಿ ಹಿಟ್ಟಿನ ಡಬ್ಬ ಮುಚ್ಚುವ ಮೊದಲು ಹಿಟ್ಟಿನ ಮೇಲೆ ತನ್ನ ಬಲಗೈ ಒತ್ತುತ್ತಿದ್ದಳು. ಐದು ಬೆರಳು, ಅಂಗೈ, ಹೆಬ್ಬೆರಳ ಬುಡದ ಉಬ್ಬು, ಎಲ್ಲವೂ ಅಚ್ಚು ಹಾಕಿದ ಹಾಗೆ ಮೂಡಬೇಕು. ಮತ್ತೆ ಮುಚ್ಚಳ ತೆಗೆದಾಗ ಆ ಕೈ ಹಾಗೇ ಇದ್ದರೆ ಯಾರೂ ಹಿಟ್ಟು ಮುಟ್ಟಿಲ್ಲ ಎಂದು ಅರ್ಥ. ನಾನು ಹುಟ್ಟುವ ಮೊದಲು ಒಂದು ಸಲ ಅವ್ವ ಹಸಿವು ತಡೆಯಲಾರದೆ ಒಂದು ಹಿಡಿ ಹಿಟ್ಟು ತೆಗೆದು, ಅಂಬಲಿ ಕಾಸಿ ಕುಡಿದು, ಜಾಣತನದಿಂದ ತನ್ನ ಕೈಯನ್ನೇ ಒತ್ತಿ ಇಟ್ಟಿದ್ದಳಂತೆ. ಅಜ್ಜಿಯ ಕಿರುಬೆರಳು ಸೊಟ್ಟ. ಅವ್ವನದು ನೆಟ್ಟಗೆ. ಸಿಕ್ಕಿಬಿದ್ದಳು. ಬೆಣ್ಣೆ ಗಡಿಗೆಗೆ ಇದ್ದಿಲ ಗೆರೆ, ಬೆಲ್ಲದ ಮಡಕೆಯ ಬಾಯಿಗೆ ಅಜ್ಜಿಗೆ ಮಾತ್ರ ಬರುತ್ತಿದ್ದ ಒಂದು ಗಂಟು. ಕೋಳಿಗಳನ್ನೂ ಅವಳು ನಂಬುತ್ತಿರಲಿಲ್ಲ. ಬೆಳಿಗ್ಗೆ ಪಂಜರದಿಂದ ಬಿಡುವ ಮೊದಲು ಒಂದೊಂದನ್ನೂ ಹಿಡಿದು ಬೆರಳಿಟ್ಟು ನೋಡಿ, ಮೊಟ್ಟೆ ಇರುವುದು ಯಾವುದು ಎಂದು ನೆನಪಿಟ್ಟುಕೊಂಡು, ಆಮೇಲೆ ಅದರ ಹಿಂದೆ ಒಬ್ಬರನ್ನು ಬಿಡುತ್ತಿದ್ದಳು. ಆ ಒಬ್ಬರು ಸಾಮಾನ್ಯವಾಗಿ ನಾನೇ.

ಅಜ್ಜಿಯ ಕಣ್ಣು ಮಂಜಾಗತೊಡಗಿದ ವರ್ಷ ನನಗೆ ಹತ್ತು ತುಂಬಿತ್ತು. ಅವಳ ಬದಲಿಗೆ ನೋಡುವ ಕೆಲಸ ನನ್ನ ಪಾಲಿಗೆ ಬಂತು. ಅವ್ವ ಅಡುಗೆ ಮಾಡುವಾಗ ಎಷ್ಟು ಎಣ್ಣೆ ಬಿಟ್ಟಳು, ಹಿತ್ತಲ ಬೇಲಿಯ ಆಚೆ ನಿಂತು ಯಾರ ಜೊತೆ ಮಾತಾಡಿದಳು, ಚಿಕ್ಕಪ್ಪ ಮದ್ದೂರಿನ ಸಂತೆಯಿಂದ ಬಂದವನು ಜೇಬಿನಿಂದ ಏನು ತೆಗೆದು ಯಾರ ಕೈಗೆ ಇಟ್ಟ, ಇವನ್ನೆಲ್ಲ ನಾನು ಹೇಳಬೇಕು. ಹೇಳಿದರೆ ಮಡಕೆಯ ಗಂಟು ಬಿಚ್ಚಿ ಒಂದು ಚೂರು ಬೆಲ್ಲ. ಬೆಲ್ಲಕ್ಕಾಗಿ ಹೇಳುತ್ತಿದ್ದೆ ಎಂದರೆ ಅದೂ ಸುಳ್ಳೇ. ಆತಗೂರಿನಿಂದ ಮುಕ್ಕಾಲು ಗಂಟೆ ನಡೆದರೆ ಸಿಗುವ ನಮ್ಮ ಕಬ್ಬಿನ ಊರಿನಲ್ಲಿ ಬೆಲ್ಲಕ್ಕೇನು ಬರ. ಆ ಮನೆಯಲ್ಲಿ ದೊಡ್ಡವರು ನಂಬುತ್ತಿದ್ದ ಮಾತು ಒಂದೇ ಒಂದು, ಅದು ನನ್ನದು. ಹತ್ತು ವರ್ಷದ ಹುಡುಗಿಗೆ ಅದಕ್ಕಿಂತ ಸಿಹಿ ಬೇರೆ ಯಾವುದಿದೆ? ನಾನು ಜಗಲಿಯ ಕಂಬಕ್ಕೆ ಒರಗಿ ಕೂತರೆ ಅವ್ವನೂ ಮಾತು ನಿಲ್ಲಿಸುತ್ತಿದ್ದಳು. ಆಗ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು.

ಚಿಕ್ಕಪ್ಪನ ಹೆಂಡತಿ ರತ್ನಮ್ಮ ನಮ್ಮ ಮನೆಗೆ ಬಂದು ಎರಡು ವರ್ಷವಾಗಿತ್ತು. ನಾನು ಅವಳನ್ನು ಚಿಕ್ಕವ್ವ ಎನ್ನುತ್ತಿದ್ದೆ. ಅವಳ ತವರು ಮಳವಳ್ಳಿ ಕಡೆಯ ಒಣ ಊರು. ನಮ್ಮದು ಕೆರೆಯ ಕೆಳಗಿನ ಗದ್ದೆ ಬಯಲು. ಅವರದು ಕಪಿಲೆ ಕಟ್ಟಿ ಎತ್ತಿನಿಂದ ಬಾವಿ ನೀರು ಎಳೆಯುವ ಹೊಲ. ನೀರು ಕಡಿಮೆ ಇರುವ ಊರಿನವರ ಕೈ ಬಿಗಿ, ಮನಸ್ಸು ಆಳ, ಎಂಬುದು ಅಜ್ಜಿಯ ತೀರ್ಮಾನ. ಚಿಕ್ಕವ್ವ ಕಡಿಮೆ ಮಾತಿನವಳು. ಬೈದರೆ ಅಳುತ್ತಿರಲಿಲ್ಲ, ಹೊಗಳಿದರೆ ನಗುತ್ತಿರಲಿಲ್ಲ. ಅದೂ ಅಜ್ಜಿಗೆ ಅನುಮಾನವೇ. ಮಕ್ಕಳಾಗಿರಲಿಲ್ಲ. ಅದಕ್ಕೊಂದು ಬೇರೆ ಅನುಮಾನ. ಆ ವರ್ಷ ಗೌರಿ ಹಬ್ಬಕ್ಕೆ ತವರಿಗೆ ಹೋದವಳು ಬರುವಾಗ ಸೆರಗಿನ ತುದಿಯಲ್ಲಿ ಈರುಳ್ಳಿ ಬೀಜ ಕಟ್ಟಿಕೊಂಡು ಬಂದಳು. ಕಪ್ಪಗೆ, ಮೂಲೆ ಮೂಲೆಯಾಗಿ, ಎಳ್ಳಿಗಿಂತ ಸ್ವಲ್ಪ ಒರಟು. ನಮ್ಮೂರಿನಲ್ಲಿ ಆಗ ಈರುಳ್ಳಿಯನ್ನು ಸಂತೆಯಲ್ಲಿ ಕೊಳ್ಳುತ್ತಿದ್ದೆವೇ ಹೊರತು ಪೈರು ಮಾಡಿ ನೆಟ್ಟವರಿರಲಿಲ್ಲ. ಅಜ್ಜಿ ಒಂದು ಬೀಜವನ್ನು ಹಲ್ಲಿಗಿಟ್ಟು ಕಡಿದು ನೋಡಿದಳು. ಇನ್ನು ನಾಲ್ಕನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತನ್ನ ತಲೆದಿಂಬಿನ ಹತ್ತಿರ ಇಟ್ಟುಕೊಂಡಳು. ನಾಲ್ಕೂ ಮೊಳೆತವು.

"ಮೊಳ್ಕೆ ಯಾವುದ್ಕಿಲ್ಲ? ಕಳೆಗೂ ಅದೆ, ವಿಸಕ್ಕೂ ಅದೆ," ಎಂದಳು.

ಆದರೂ ಹಿತ್ತಲ ಆಚೆಯ ಒಂದು ಗುಂಟೆ ತುಂಡನ್ನು ಅಪ್ಪ ಉತ್ತುಕೊಟ್ಟ. ಚಿಕ್ಕವ್ವ ಬಾವಿಯ ಹತ್ತಿರ ಒಂದು ಮಡಿ ಎತ್ತಿ, ಸಗಣಿ ಗೊಬ್ಬರ ಜರಡಿ ಹಿಡಿದು ಬೆರೆಸಿ, ಪೈರಿಗೆಂದು ಬೀಜ ಚೆಲ್ಲಿ ಒಟ್ಲು ಹಾಕಿದಳು. ಈರುಳ್ಳಿ ಮೊಳಕೆ ನೆಲದಿಂದ ನೆಟ್ಟಗೆ ಬರುವುದಿಲ್ಲ. ನಡು ಬಗ್ಗಿಸಿಕೊಂಡು ಬೆನ್ನನ್ನೇ ಮೊದಲು ಹೊರಗೆ ಹಾಕುತ್ತದೆ. ತಲೆ ಆಮೇಲೆ ಬರುತ್ತದೆ. ಅದನ್ನು ನೋಡಲು ನಾನು ದಿನಾ ಬೆಳಿಗ್ಗೆ ಓಡುತ್ತಿದ್ದೆ. ಚಿಕ್ಕವ್ವ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಳೆ ಯಾವುದು ಪೈರು ಯಾವುದು ಎಂದು ಎಲೆ ಜಜ್ಜಿ ಮೂಸಿಸಿ ತೋರಿಸುತ್ತಿದ್ದಳು. ಆ ಮನೆಯಲ್ಲಿ ನನ್ನಿಂದ ಏನನ್ನೂ ಕೇಳದೆ ಏನಾದರೂ ಹೇಳಿಕೊಟ್ಟವಳು ಅವಳೊಬ್ಬಳೇ. ಅವಳು ಒಟ್ಲಿಗೆ ದಿನಕ್ಕೆ ಎಷ್ಟು ಸಲ ಹೋಗುತ್ತಾಳೆ ಎಂಬ ಲೆಕ್ಕವನ್ನು ನಾನು ಅಜ್ಜಿಗೆ ಒಪ್ಪಿಸುತ್ತಲೂ ಇದ್ದೆ. ಎರಡೂ ಒಟ್ಟಿಗೆ ನಡೆಯುತ್ತಿದ್ದವು, ನನಗೆ ಅದರಲ್ಲಿ ಏನೂ ತಪ್ಪು ಕಾಣಿಸುತ್ತಿರಲಿಲ್ಲ.

ಗದ್ದೆ ಕೊಯ್ದು ಭತ್ತ ಕಣಕ್ಕೆ ಬಂದ ಮೇಲೆ ಈರುಳ್ಳಿ ನಾಟಿಗೆ ದಿನ ಗೊತ್ತಾಯಿತು. ಹಿಂದಿನ ಸಂಜೆ ಪೈರು ಕಿತ್ತು, ಒಂದು ಹಿಡಿಗೆ ಒಂದರಂತೆ ಬಾಳೆನಾರಿನಿಂದ ಕಟ್ಟಿದೆವು. ನಲವತ್ತು ಕಟ್ಟಾಯಿತು. ಭತ್ತದ ನಾಟಿಯಲ್ಲಿ ಅಜ್ಜಿಯದೊಂದು ಪದ್ಧತಿ ಇತ್ತು: ನೆಡುವ ಹೆಂಗಸರಿಗೆ ಕಟ್ಟುಗಳನ್ನು ಎಣಿಸಿ ಕೊಡುವಳು, ಸಂಜೆ ಅವರು ಬಿಚ್ಚಿದ ನಾರುಗಳನ್ನು ಎಣಿಸಿ ವಾಪಸು ಕೊಡಬೇಕು. ನಾರು ಕಡಿಮೆ ಬಂದರೆ ಕಟ್ಟು ಬೇರೆಯವರ ಗದ್ದೆಗೆ ಹೋಗಿದೆ ಎಂದು ಲೆಕ್ಕ. ಅದೇ ಪದ್ಧತಿಯನ್ನು ಈರುಳ್ಳಿಗೂ ತಂದಳು. ಅವಳಿಗೂ ಅವ್ವನಿಗೂ ಸೇರಿ ಮೂಡಲ ಕಡೆಯ ಅರ್ಧ, ಇಪ್ಪತ್ತು ಕಟ್ಟು. ಚಿಕ್ಕವ್ವನಿಗೆ ಪಡುವಲ ಅರ್ಧ, ಇಪ್ಪತ್ತು ಕಟ್ಟು. ನನಗೆ ಬದುವಿನ ಮೇಲೆ ಕೂತು ನೋಡುವ ಕೆಲಸ.

ಚಿಕ್ಕವ್ವ ಕೆಲಸ ಶುರು ಮಾಡಿದ್ದೇ ಕುಡುಗೋಲು ತೆಗೆದುಕೊಂಡು ಪೈರಿನ ತುದಿ ಕತ್ತರಿಸುವುದರಿಂದ. ಅಜ್ಜಿ ನಡು ಎತ್ತಿದಳು.

"ಲೇ ರತ್ನಿ, ಪೈರಿನ ತಲೆ ಯಾಕ್ಲೇ ತರೀತಿದೀಯ?"

"ಉದ್ದ ಬುಟ್ರೆ ಬಾಡೋಯ್ತದೆ ಅತ್ತೆ. ನಮ್ಮೂರಲ್ಲಿ ಇಂಗೇ ಮಾಡೋದು."

"ನಿಮ್ಮೂರೋರು ಗದ್ದೆ ಮೊಕನೇ ಕಂಡಿಲ್ಲ. ನಂಗೆ ನಾಟಿ ಏಳ್ಕೊಡಕ್ ಬಂದ್ಬುಟ್ಳು."

ಅಜ್ಜಿಗೆ ನಾಟಿ ಎಂದರೆ ಭತ್ತದ ನಾಟಿ. ನೀರು ನಿಲ್ಲಿಸಿ, ಕೆಸರು ಮಾಡಿ, ಒಂದು ಗುಣಿಗೆ ಮೂರು ಮೂರು ಪೈರು ಸೇರಿಸಿ, ಹೆಬ್ಬೆರಳು ಪೂರ್ತಿ ಇಳಿಯುವಂತೆ ಒತ್ತಿ ಊರುವುದು. ಐವತ್ತು ವರ್ಷ ಮಾಡಿದ್ದು ಅದೇ. ಮೂಡಲ ಅರ್ಧದಲ್ಲಿ ಈರುಳ್ಳಿಯನ್ನೂ ಅವಳು ಹಾಗೇ ಊರಿದಳು. ಅವ್ವ ಅತ್ತೆಯ ಹಿಂದೆ ಹಾಗೇ ಊರಿಕೊಂಡು ಹೋದಳು. ಪಡುವಲ ಅರ್ಧದಲ್ಲಿ ಚಿಕ್ಕವ್ವ ಮಣ್ಣನ್ನು ಬರೀ ತೇವ ಮಾಡಿಕೊಂಡು, ಗೇಣಿನಲ್ಲಿ ಅರ್ಧ ಬಿಟ್ಟು ಒಂದೊಂದೇ ಪೈರನ್ನು ಮೇಲೆಮೇಲೆ ಕೂರಿಸುತ್ತಿದ್ದಳು.

"ಅತ್ತೆ, ಒಂದೊಂದೇ ಊರಿ. ಕತ್ತು ಮ್ಯಾಕಿರ್ಲಿ. ಆಳಕ್ಕೋದ್ರೆ ಗೆಡ್ಡೆ ಕಟ್ಟಾಕಿಲ್ಲ."

ಅಜ್ಜಿ ಕೇಳಿಸಿಕೊಂಡೂ ಇನ್ನು ಮೂರು ಪೈರು ಸೇರಿಸಿ ಒತ್ತಿದಳು. ಸೊಸೆ ಹೇಳಿದ ಹಾಗೆ ಮಾಡಿದರೆ ಅದರಲ್ಲಿ ಸೊಸೆಗೆ ಏನೋ ಲಾಭವಿರಬೇಕು ಎಂದು ಯೋಚಿಸುವ ಜಾತಿ ಅವಳದು.

ಮಧ್ಯಾಹ್ನದ ಹೊತ್ತಿಗೆ ಚಿಕ್ಕವ್ವನ ಅಣ್ಣ ಒಂದು ಬಟ್ಟೆ ಚೀಲದ ತುಂಬ ಅವರೆಕಾಯಿ ತಂದ. ಉಂಡು, ತಂಗಿಯ ಮುಖ ನೋಡಿ, ಸಂಜೆ ಬಸ್ಸಿಗೆ ಖಾಲಿ ಚೀಲ ಮಡಿಸಿಕೊಂಡು ಹೋದನಂತೆ. ಹೋದನಂತೆ ಎನ್ನುತ್ತೇನೆ, ಏಕೆಂದರೆ ನಾನು ನೋಡಲಿಲ್ಲ. ಆಲೆಮನೆಯಲ್ಲಿ ಬೆಲ್ಲ ಇಳಿಸುತ್ತಾರೆ, ಬಿಸಿ ಪಾಕ ಕಬ್ಬಿನ ಸಿಪ್ಪೆಗೆ ಸುರಿದು ಕೊಡುತ್ತಾರೆ ಎಂದು ಗೆಳತಿಯರು ಕರೆದರು. ಕಾವಲು ಬಿಟ್ಟು ಓಡಿದೆ. ಬಂದಾಗ ದೀಪ ಹಚ್ಚುವ ಹೊತ್ತು. ಅಜ್ಜಿ ಮೈಕೈ ನೋವು ಎಂದು ಮಲಗಿದ್ದಳು. ಕೇಳಲಿಲ್ಲ, ಬಚಾವಾದೆ ಅಂದುಕೊಂಡೆ.

ಮರುದಿನ ಬೆಳಿಗ್ಗೆ ಅಜ್ಜಿ ಜಗಲಿಯಲ್ಲಿ ಕೂತು ನಾರು ಎಣಿಸಿದಳು. ಅವಳ ಕಡೆಯವು ಇಪ್ಪತ್ತೂ ಇದ್ದವು. ಚಿಕ್ಕವ್ವ ಮೂಲೆಯಲ್ಲಿ ಇಟ್ಟಿದ್ದವು ಒಂಬತ್ತು. ಎರಡನೆಯ ಸಲ ಎಣಿಸಿದಳು. ಮೂರನೆಯ ಸಲ ನನ್ನ ಕೈಗೆ ಕೊಟ್ಟು ಎಣಿಸು ಎಂದಳು. ಒಂದು ಗುಣಿಗೆ ಒಂದೇ ಪೈರು ಊರಿದರೆ ಕಟ್ಟು ಉಳಿಯುತ್ತದೆ ಎಂಬುದು ಅಜ್ಜಿಗೆ ಹೊಳೆಯಲಿಲ್ಲವೋ, ಹೊಳೆದರೂ ಬೇಡವಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಹನ್ನೊಂದು ಕಟ್ಟು ಪೈರು ಎಲ್ಲಿ ಹೋಯಿತು? ಚಿಕ್ಕವ್ವ ಆಗ ಕಣದಲ್ಲಿದ್ದ ಗಂಡಸರಿಗೆ ಕಾಫಿ ತೆಗೆದುಕೊಂಡು ಹೊರಟಿದ್ದಳು, ಅಜ್ಜಿಯ ಎದುರಿನಲ್ಲೇ ಮೆಟ್ಟಿಲಿಳಿದು ಹೋದಳು. ಒಂದು ಮಾತು ಕೇಳಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಕೇಳಿದರೆ ಕಳ್ಳರು ಎಚ್ಚರವಾಗುತ್ತಾರೆ ಎಂಬುದು ಅಜ್ಜಿಯ ಶಾಸ್ತ್ರ. ಮೊದಲು ಸಾಕ್ಷಿ, ಆಮೇಲೆ ನಾಲ್ಕು ಜನರ ಮುಂದೆ ಮಾತು. ಸಾಕ್ಷಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಪುಟ್ಟಿ, ನೆನ್ನೆ ನೋಡ್ದಲ್ಲ, ಅವ್ಳಣ್ಣ ಓಗೋವಾಗ ಚೀಲದಲ್ಲಿ ಏನಿತ್ತು?"

ನಾನಿರಲಿಲ್ಲ ಎನ್ನಬೇಕಿತ್ತು. ಎಂದರೆ, ಎಲ್ಲಿ ಹೋಗಿದ್ದೆ ಎಂಬ ಪ್ರಶ್ನೆ ಬರುತ್ತದೆ. ನಾಳೆಯಿಂದ ನನ್ನ ಮಾತು ನಡೆಯುವುದಿಲ್ಲ. ಅಜ್ಜಿಯ ಮಂಜು ಕಣ್ಣು ನನ್ನ ಬಾಯಿಯ ಮೇಲೇ ಇತ್ತು, ಅವಳಿಗೆ ಬೇಕಾದ ಉತ್ತರ ಅವಳ ಮುಖದಲ್ಲೇ ಬರೆದಿತ್ತು.

"ತುಂಬಿತ್ತು ಕಣಜ್ಜಿ. ಬಾಯಲ್ಲಿ ಅಸುರು ಸುಳಿ ಕಾಣ್ತಿತ್ತು."

"ಈರುಳ್ಳಿ ಪೈರಾ?"

"ಊಂ."

ಅಜ್ಜಿ ನಿಟ್ಟುಸಿರು ಬಿಟ್ಟಳು. ಆ ನಿಟ್ಟುಸಿರಿನಲ್ಲಿ ದುಃಖ ಇರಲಿಲ್ಲ, ಸಮಾಧಾನ ಇತ್ತು. ಎರಡು ವರ್ಷದಿಂದ ಕಾಯುತ್ತಿದ್ದದ್ದು ಕೊನೆಗೂ ಸಿಕ್ಕಿತ್ತು. ಗಂಡಸರು ಊಟಕ್ಕೆ ಬರುವವರೆಗೂ ಬಾಯಿ ಬಿಡಬೇಡ ಎಂದು ನನ್ನ ಕೈಗೆ ಬೆಲ್ಲ ಇಟ್ಟಳು.

ಬೆಲ್ಲ ತಿಂದು ಕೈ ತೊಳೆಯಲು ಬಚ್ಚಲ ಹಿಂದಕ್ಕೆ ಹೋದೆ. ಬಚ್ಚಲ ನೀರು ಹರಿದು ಹೋಗುವ ಕಡೆ ಸೀಮೆಬದನೆ ಚಪ್ಪರ. ಅದರ ಅಡಿಯಲ್ಲಿ ತಂಪು, ನೆರಳು. ಅಲ್ಲಿ ಒಂದು ಗೋಣಿಚೀಲ ಹಾಸಿತ್ತು. ಯಾರು ಹಾಸಿದ್ದು ಎಂದು ಎತ್ತಿ ನೋಡಿದೆ. ಎಲ್ಲವನ್ನೂ ಎತ್ತಿ ನೋಡುವ ಅಭ್ಯಾಸವಲ್ಲವೇ. ಒಂದು ಸಣ್ಣ ಸಾಲು ತೋಡಿ, ಬೇರು ಮಣ್ಣಿನಲ್ಲಿ ಮುಚ್ಚಿ, ಹನ್ನೊಂದು ಕಟ್ಟುಗಳನ್ನು ಒಂದರ ಪಕ್ಕ ಒಂದು ಒರಗಿಸಿತ್ತು. ಬಾಳೆನಾರು ಬಿಚ್ಚಿರಲಿಲ್ಲ. ನೆಟ್ಟದ್ದರಲ್ಲಿ ಸತ್ತ ಕಡೆ ಮತ್ತೆ ಊರಲು ಒಂದಷ್ಟು ಪೈರನ್ನು ಹೀಗೆ ಉಳಿಸಿಕೊಳ್ಳುತ್ತಾರೆ ಎಂದು ಅವಳೇ ನನಗೆ ಒಟ್ಲಿನ ಹತ್ತಿರ ಹೇಳಿದ್ದಳು. ಅವಳ ಊರಿನಲ್ಲಿ ಎಲ್ಲರೂ ಮಾಡುವುದು, ಅದನ್ನು ಹೇಳಿ ಮಾಡಬೇಕು ಎಂದೇ ಅವಳಿಗೆ ಅನ್ನಿಸಿರಲಿಕ್ಕಿಲ್ಲ.

ಈಗಲೇ ಓಡಿ ಹೋಗಿ, ಅಜ್ಜೀ, ಇಲ್ಲೇ ಇವೆ ಎನ್ನಬಹುದಿತ್ತು. ನಾನು ಮಾಡಿದ್ದು ಅದಲ್ಲ. ಅಜ್ಜಿ ಮುಂದಿನ ಜಗಲಿಯಲ್ಲಿದ್ದಳು. ಅವ್ವ ಅಡುಗೆಮನೆಯ ಹೊಗೆಯಲ್ಲಿ ಮುದ್ದೆ ತೊಳಸುತ್ತಿದ್ದಳು, ಕೋಲಿನ ಸದ್ದು ಕೇಳುತ್ತಿತ್ತು. ಅದೇ ಗೋಣಿಚೀಲಕ್ಕೆ ಕಟ್ಟುಗಳನ್ನು ತುಂಬಿ, ಎರಡು ಸಲ ಹೊತ್ತು, ಹಿತ್ತಲ ಕೊನೆಯ ತಿಪ್ಪೆಗೆ ಹಾಕಿ, ಮೇಲೆ ಸಗಣಿ ಎಳೆದೆ. ಸಾಲಿನ ಮಣ್ಣು ಮುಚ್ಚಿ ಗೋಣಿಯನ್ನು ಇದ್ದ ಹಾಗೇ ಹಾಸಿದೆ. ಕೈ ಬೂದಿ ಹಾಕಿ ಉಜ್ಜಿದರೂ ವಾಸನೆ ಹೋಗಲಿಲ್ಲ. ಆದರೆ ಹಿಂದಿನ ದಿನದ ನಾಟಿಯಿಂದ ಮನೆಯ ಹೆಂಗಸರೆಲ್ಲರ ಕೈಯಲ್ಲೂ ಈರುಳ್ಳಿ ವಾಸನೆಯೇ ಇತ್ತು.

ಊಟದ ಹೊತ್ತಿಗೆ ಅಪ್ಪ, ಚಿಕ್ಕಪ್ಪ ಕಣದಿಂದ ಬಂದು ಕೂತರು. ಮುದ್ದೆ, ಅವರೆಕಾಳು ಸಾರು. ಆ ಅವರೆ ಚಿಕ್ಕವ್ವನ ಅಣ್ಣ ತಂದದ್ದೇ. ಎರಡನೆಯ ಸೌಟು ಬಡಿಸುವಾಗ ಅಜ್ಜಿ ನಾರಿನ ಕಂತೆಯನ್ನು ನಡುಮನೆಯಲ್ಲಿ ಎಸೆದಳು.

"ಇಪ್ಪತ್ ಕಟ್ಟು ಕೊಟ್ಟಿದ್ದೆ. ಒಂಬತ್ತು ನಾರು ಬಂದದೆ. ಮಿಕ್ಕಿದ್ದು ಯಾವೂರ್ ಸೇರ್ತು ಕೇಳ್ಲಾ ನಿನ್ನೆಂಡ್ತೀನ."

ಚಿಕ್ಕಪ್ಪ ತುತ್ತು ಕೈಯಲ್ಲಿ ಹಿಡಿದು ಚಿಕ್ಕವ್ವನ ಕಡೆ ನೋಡಿದ. ಅವಳು ಸೌಟು ಕೆಳಗಿಟ್ಟಳು.

"ಎಲ್ಲೂ ಓಗಿಲ್ಲ ಅತ್ತೆ. ಬಚ್ಚಲಿಂದೆ ಮಣ್ಣಲ್ಲಿ ಉಗ್ದಿದ್ದೀನಿ. ನೆಟ್ಟಿದ್ದು ಸತ್ತೋದ್ ಕಡೆ ಊರಕ್ಕೆ. ಬನ್ನಿ ತೋರುಸ್ತೀನಿ."

ಎಲ್ಲರೂ ಎಂಜಲು ಕೈಯಲ್ಲೇ ಎದ್ದು ಹೋದರು. ನಾನೂ ಹೋದೆ. ಚಿಕ್ಕವ್ವ ಬಗ್ಗಿ ಗೋಣಿ ಎತ್ತಿದಳು. ಒದ್ದೆ ಮಣ್ಣು. ಅವಳು ಬೆರಳಿಂದ ಕೆದಕಿದಳು, ಎರಡು ಕೈಯಿಂದ ಕೆದಕಿದಳು. ಆಮೇಲೆ ನಿಂತು ಒಬ್ಬೊಬ್ಬರ ಮುಖವನ್ನೂ ನೋಡಿದಳು. ನನ್ನ ಮುಖದ ಮೇಲೆ ಅವಳ ಕಣ್ಣು ನಿಲ್ಲಲಿಲ್ಲ, ಅವ್ವನ ಮುಖದ ಮೇಲೆ ನಿಂತಿತು. ಬೆಳಿಗ್ಗೆಯಿಂದ ಮನೆಯ ಹಿಂಭಾಗದಲ್ಲಿ ಇದ್ದವಳು ಅವ್ವ ಒಬ್ಬಳೇ ಎಂದು ಎಲ್ಲರಿಗೂ ಗೊತ್ತಿತ್ತು.

"ನನ್ನ ಮೊಮ್ಮಗ್ಳು ಕಣ್ಣಾರೆ ನೋಡವ್ಳೆ ಚೀಲ್ದಲ್ಲಿ," ಎಂದಳು ಅಜ್ಜಿ. "ಇಲ್ಲ ಅಂದ್ರೆ ಅವ್ಳ ತಲೆ ಮುಟ್ಟಿ ಆಣೆ ಇಡು. ಇಟ್ಬುಡು, ನಾನು ಬಾಯ್ ಮುಚ್ಕೋತೀನಿ."

ಮಗುವಿನ ತಲೆ ಮುಟ್ಟಿ ಸುಳ್ಳು ಹೇಳಿದರೆ ಮಗು ಉಳಿಯುವುದಿಲ್ಲ ಎಂಬುದು ನಮ್ಮ ಕಡೆ ಕೋರ್ಟಿಗಿಂತ ದೊಡ್ಡ ಮಾತು. ಅಜ್ಜಿ ನನ್ನನ್ನು ಭುಜ ಹಿಡಿದು ಮುಂದಕ್ಕೆ ತಳ್ಳಿದಳು. ಚಿಕ್ಕವ್ವನ ಕೈ ಮೇಲಕ್ಕೆ ಬಂತು. ಮಣ್ಣಾದ ಕೈ. ನನ್ನ ನೆತ್ತಿಯ ಹತ್ತಿರ ಬಂದು ನಿಂತಿತು. ಸುಳ್ಳು ಹೇಳಿದ್ದು ನಾನು, ಆಣೆ ಮುಟ್ಟುವುದು ನನ್ನ ತಲೆಗೆ. ದೇವರು ಇಬ್ಬರಲ್ಲಿ ಯಾರನ್ನು ಹಿಡಿಯುತ್ತಾನೆ ಎಂದು ನಾನು ನಿಂತಲ್ಲೇ ಲೆಕ್ಕ ಹಾಕುತ್ತಿದ್ದೆ. ಕೈ ಕೆಳಗಿಳಿಯಿತು. ಅವಳು ಒಳಗೆ ಹೋಗಿ ಸೌಟು ಎತ್ತಿಕೊಂಡಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ಅಜ್ಜಿ ಅವಳ ಬೆನ್ನಿಗೆ ಹೇಳಿದಳು. ಅಪ್ಪ ತಲೆ ತಗ್ಗಿಸಿ ಕೈ ತೊಳೆದ. ಚಿಕ್ಕಪ್ಪ ಊಟ ಬಿಟ್ಟು ಕಣಕ್ಕೆ ಹೋದ.

ಅಂದಿನಿಂದ ಚಿಕ್ಕವ್ವ ಹಿಟ್ಟಿನ ಡಬ್ಬ, ಬೆಣ್ಣೆ, ಬೆಲ್ಲ ಇರುವ ಕೋಣೆಗೆ ಕಾಲಿಡುವಂತಿರಲಿಲ್ಲ. ಸಂಕ್ರಾಂತಿ ಕಳೆಯುವುದರೊಳಗೆ ಚಿಕ್ಕಪ್ಪ ಕೊಟ್ಟಿಗೆಯ ಪಕ್ಕದ ಅಂಕಣಕ್ಕೆ ಗೋಡೆ ಎಬ್ಬಿಸಿ ಬೇರೆ ಒಲೆ ಹೂಡಿದ. ಈರುಳ್ಳಿ ತನ್ನ ಪಾಡಿಗೆ ತಾನು ಬೆಳೆಯಿತು. ಮೂಡಲ ಅರ್ಧದಲ್ಲಿ ಕೆಸರಿಗೆ ಕೊಳೆತು ಅಲ್ಲಲ್ಲಿ ಬೋಳು ಬಿತ್ತು. ಆ ಬೋಳಿಗೆ ಊರಲು ಪೈರಿರಲಿಲ್ಲ. ಅದು ಎಲ್ಲಿದೆ ಎಂದು ಗೊತ್ತಿದ್ದವಳು ನಾನೊಬ್ಬಳೇ. ಉಳಿದದ್ದು ಮೂರು ಮೂರು ಒಟ್ಟಿಗೆ ಇರುಕಿಕೊಂಡು, ಆಳದಲ್ಲಿ ಕತ್ತು ದಪ್ಪ ಮಾಡಿಕೊಂಡು, ಗೆಡ್ಡೆಯೇ ಕಟ್ಟಲಿಲ್ಲ. ಪಡುವಲ ಅರ್ಧದಲ್ಲಿ ಒಂದೊಂದೂ ಮಣ್ಣಿನ ಮೇಲೆ ಕೂತು ದುಂಡಗಾಯಿತು. ಅಜ್ಜಿ ಎರಡನ್ನೂ ನೋಡಿದಳು. ನೋಡಿ, ನಮ್ಮ ಕಡೆಗೆ ಅವಳು ಏನೋ ಮಾಡಿಸಿದ್ದಾಳೆ ಎಂದಳು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಇನ್ನು ತಿಪ್ಪೆಗೆ ಹಾಕಿದ ಹನ್ನೊಂದು ಕಟ್ಟು ಸುಮ್ಮನೆ ಸಾಯಲಿಲ್ಲ. ಸಗಣಿಯ ಬಿಸಿಗೆ ಬೆಂದು ಹೋಗಬೇಕಾದ ಪೈರು ಅಂಚಿನಲ್ಲಿ ಎರಡು, ಮೂರು ಎಂದು ಹಸಿರು ತುದಿ ಹೊರಗೆ ಹಾಕಿತು. ಇಸ್ಕೂಲಿಗೆ ಹೋಗುವ ಮೊದಲು ದಿನಾ ಹೋಗಿ ಅವನ್ನು ಕಿತ್ತು ಬೇಲಿಯ ಆಚೆಗೆ ಎಸೆಯುತ್ತಿದ್ದೆ. ಹದಿನೈದು ದಿನ ಅದೇ ಕೆಲಸ. ಅಷ್ಟು ಹೆದರಿಕೆ ನಾನು ಆಮೇಲೆ ಯಾವ ಪರೀಕ್ಷೆಗೂ ಪಟ್ಟಿಲ್ಲ.

ಅಜ್ಜಿ ಇನ್ನೂ ಆರು ವರ್ಷ ಬದುಕಿದಳು. ಕಣ್ಣು ಪೂರ್ತಿ ಹೋದ ಮೇಲೆ ಹಿಟ್ಟಿನ ಮೇಲಿನ ಕೈ ಹಾಗೇ ಇದೆಯಾ ಎಂದು ನನ್ನನ್ನೇ ಕೇಳುತ್ತಿದ್ದಳು. ಸಾಯುವ ಹಿಂದಿನ ವಾರ ನನ್ನ ಕೈ ಹಿಡಿದು, ಈ ಮನೆಯಲ್ಲಿ ನನಗೆ ಸುಳ್ಳು ಹೇಳದವಳು ನೀನೊಬ್ಬಳೇ ಕಣೆ ಎಂದಳು. ನಾನು ಊಂ ಎಂದೆ. ಆಗಲೂ ಹೇಳಲಿಲ್ಲ. ಓದಿ, ಮಂಡ್ಯದಲ್ಲಿ ಮೇಷ್ಟರ ಕೆಲಸ ಮಾಡಿ, ನಿವೃತ್ತಿಯೂ ಆಯಿತು. ಮಕ್ಕಳು ಕಾಪಿ ಹೊಡೆಯುವುದನ್ನು ನಾನು ಹಿಡಿದಷ್ಟು ಆ ಶಾಲೆಯಲ್ಲಿ ಬೇರೆ ಯಾರೂ ಹಿಡಿದಿಲ್ಲ. ಯಾವ ಮಗು ಮುಖ ನೆಟ್ಟಗಿಟ್ಟುಕೊಂಡು ಅಳುಕದೆ ಉತ್ತರ ಹೇಳುತ್ತದೋ ಅದರ ಮೇಲೇ ನನಗೆ ಮೊದಲ ಅನುಮಾನ. ಹಾಲಿನವನನ್ನು ನಂಬುವುದಿಲ್ಲ, ಡಾಕ್ಟರನ್ನು ನಂಬುವುದಿಲ್ಲ, ಗಂಡ ವಾಕಿಂಗು ಮುಗಿಸಿ ಹತ್ತು ನಿಮಿಷ ತಡವಾಗಿ ಬಂದರೆ ಮೂರು ಪ್ರಶ್ನೆ. ಇದು ಅಜ್ಜಿಯಿಂದ ಬಂದ ಬುದ್ಧಿ ಎಂದು ಮನೆಯವರು ತಮಾಷೆ ಮಾಡುತ್ತಾರೆ. 'ತಾ ಕಳ್ಳ ಪರರ ನಂಬ' ಎಂಬ ಗಾದೆ ಅವರಿಗೆ ನೆನಪಾಗುವುದಿಲ್ಲ. ಅಜ್ಜಿ ಸುಳ್ಳು ಹೇಳುತ್ತಿರಲಿಲ್ಲ, ಅವಳು ಬರೀ ಅನುಮಾನದವಳು. ನಾನು ಎರಡೂ.

ಚಿಕ್ಕಪ್ಪ ಆಮೇಲೆ ಸೋಮನಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಹಿಡಿದು ಅಲ್ಲೇ ಮನೆ ಕಟ್ಟಿದ. ಇಬ್ಬರು ಹೆಣ್ಣುಮಕ್ಕಳಾದರು. ಅಪ್ಪನೂ ಚಿಕ್ಕಪ್ಪನೂ ಈಗ ಇಲ್ಲ. ಚಿಕ್ಕವ್ವ ದೊಡ್ಡ ಮಗಳು ಅಳಿಯನ ಜೊತೆ ಆ ಮನೆಯಲ್ಲೇ ಇದ್ದಾಳೆ, ಮನೆಯ ಹಿಂದೆ ನಾಲ್ಕು ಮಡಿ ತರಕಾರಿ ಇಟ್ಟುಕೊಂಡಿದ್ದಾಳೆ. ನಮ್ಮವ್ವನ ಮನೆಯಲ್ಲಿ ಅವಳು ಒಂದು ತುತ್ತು ತಿಂದವಳಲ್ಲ. ಅವಳ ಮಗಳ ಮದುವೆಗೆ ಅವ್ವ ಹೋದಾಗ, ಊಟಕ್ಕೇಳಿ ಅಕ್ಕ ಎಂಬ ಒಂದು ಮಾತು ಅವಳ ಬಾಯಿಂದ ಬರಲಿಲ್ಲ. ಅವ್ವ ಅಕ್ಷತೆ ಹಾಕಿ ಎಲೆ ಮುಟ್ಟದೆ ಬಂದಳು. ಕಳ್ಳಿಗೆ ಎಷ್ಟು ಸೊಕ್ಕು ನೋಡು ಎಂದು ದಾರಿಯುದ್ದಕ್ಕೂ ಹೇಳಿದಳು. ನಾನು ಬಸ್ಸಿನ ಕಿಟಕಿಯ ಆಚೆ ನೋಡುತ್ತಾ ಕೂತಿದ್ದೆ.

ಹೋದ ಮಾಗಿಯಲ್ಲಿ ಚಿಕ್ಕವ್ವನಿಗೆ ಮಂಡಿ ನೋವು ಎಂದು ಕೇಳಿ ನೋಡಲು ಹೋದೆ. ಮಂಡಿ ನೋವಿನವಳು ಹಿತ್ತಲಲ್ಲಿ ಮಣೆ ಹಾಕಿಕೊಂಡು ಈರುಳ್ಳಿ ಪೈರು ಊರುತ್ತಿದ್ದಳು. ಒಂದೊಂದೇ. ಮೇಲೆಮೇಲೆ. ನನ್ನ ಕೈಗೆ ಒಂದು ಕಟ್ಟು ಕೊಟ್ಟು ಬಿಚ್ಚಲು ಹೇಳಿದಳು. ಅಷ್ಟು ವರ್ಷ ಅವಳ ಮನೆಗೆ ಹೋಗಿ ಕಾಫಿ ಕುಡಿದು ಬಂದಿದ್ದೇನೆ. ಎಂದೂ ಬಾಯಿಗೆ ಬಾರದ್ದು ಆ ನಾರಿನ ಗಂಟಿಗೆ ಉಗುರು ಹಾಕುವಾಗ ಬಂದುಬಿಟ್ಟಿತು. ಎಲ್ಲ ಹೇಳಿದೆ. ಆಲೆಮನೆ, ಚೀಲ, ಗೋಣಿ, ತಿಪ್ಪೆ. ಅವಳ ಕೈ ನಿಂತಿತು. ಮತ್ತೆ ಒಂದು ಸಾಲು ಪೂರ್ತಿ ಊರಿ ಮುಗಿಸಿದ ಮೇಲೆ ಬಾಯಿ ಬಿಟ್ಟಳು.

"ಅನ್ನೊಂದೂನೂವಾ?"

"ಹನ್ನೊಂದೂ."

"ನಾನು ನಿಮ್ಮವ್ವ ಅನ್ಕಂಡಿದ್ದೆ ಕಣೆ. ಇಷ್ಟು ವರ್ಸ. ಅತ್ತೆ ಮುಂದೆ ಒಳ್ಳೇವ್ಳಾಗಕ್ಕೆ ಅವ್ಳೇ ಕಿತ್ತಾಕವ್ಳೆ ಅಂತ."

"ಮತ್ತೆ ಆಣೆ ಯಾಕೆ ಇಡಲಿಲ್ಲ ಚಿಕ್ಕವ್ವ? ನೀನು ನಿಜಾನೇ ಹೇಳ್ತಿದ್ದೆಯಲ್ಲ."

"ಇಟ್ಬುಟ್ಟು? ನಾಳೆ ನಿಂಗೊಂದು ಜ್ವರ ಬಂದ್ರೆ, ನೋಡುದ್ರಾ, ಸುಳ್ಳಾಣೆ ಇಟ್ಟು ಮಗ ತಿಂದ್ಕಂಡ್ಳು ಅಂತಿದ್ರು. ಕಳ್ಳಿ ಅನ್ಸ್ಕಂಡ್ರೆ ಬದುಕ್ಬೋದು. ಮಗ ತಿಂದೋಳು ಅನ್ಸ್ಕಂಡು ಬದುಕಕ್ಕಾಯ್ತದ?"

ನನ್ನ ಮೇಲಿನ ಪ್ರೀತಿಗೇ ಅವಳು ಆಣೆ ಇಡಲಿಲ್ಲ ಎಂದು ನಾನು ಒಳಗೊಳಗೇ ಕಟ್ಟಿಕೊಂಡಿದ್ದ ಕಥೆ ಅಲ್ಲಿಗೆ ಮುಗಿಯಿತು. ಆ ಮನೆ ಹೇಗೆ ಯೋಚಿಸುತ್ತದೆ ಎಂದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು, ಅಷ್ಟೆ. ನಾನು ಅಳತೊಡಗಿದೆ. ಅವಳು ಸಮಾಧಾನ ಮಾಡಲಿಲ್ಲ.

"ನಂಗೇಳಿ ಏನಾಯ್ತು? ನಾನು ಕದ್ದಿಲ್ಲ ಅಂತ ನಂಗೆ ಮೊದ್ಲೇ ಗೊತ್ತಿತ್ತು. ನಿಮ್ಮವ್ವಂಗೇಳು. ಆವತ್ತು ಅಲ್ಲಿದ್ದೋರಲ್ಲಿ ಉಳ್ದಿರೋಳು ಅವ್ಳೊಬ್ಳೇ. ನಾನು ಸಾಯೋದ್ರೊಳ್ಗೆ ಒಬ್ರ ಬಾಯಲ್ಲಾದ್ರೂ, ರತ್ನಿ ಕಳ್ಳಿ ಅಲ್ಲ ಅಂತ ಬರ್ಲಿ."

ಮೂರನೆಯ ದಿನ ಊರಿಗೆ ಹೋದೆ. ಅವ್ವ ನನ್ನ ತಮ್ಮನ ಮನೆಯ ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಳು. ತಮ್ಮನ ಹೆಂಡತಿಯನ್ನು ಒಳಗೆ ಕಳಿಸಿ, ಪಕ್ಕದಲ್ಲಿ ಕೂತು, ಮೊದಲಿನಿಂದ ಕೊನೆಯವರೆಗೂ ಹೇಳಿದೆ. ಅವ್ವ ಅಡ್ಡ ಮಾತಾಡದೆ ಕೇಳಿದಳು. ಬಾಯಲ್ಲಿದ್ದದ್ದನ್ನು ಉಗಿದು ಬಂದು ನನ್ನ ಮುಖವನ್ನೇ ನೋಡಿದಳು.

"ರತ್ನಿ ಮನೆಗೆ ಓಗಿದ್ದಾ?"

"ಹೂಂ."

"ಊಟ ಮಾಡ್ದಾ ಅಲ್ಲಿ?"

"ಮಾಡಿದೆ. ಯಾಕೆ?"

"ಅದ್ಕೇ ಮತ್ತೆ. ಏನ್ ಆಕಿದ್ಳೋ ಏನೋ. ಇಂಗೇಳು ಅಂತ ಅವ್ಳೇ ಏಳ್ಕೊಟ್ಟವ್ಳೆ."

ಯಾರೂ ಹೇಳಿಕೊಟ್ಟಿಲ್ಲ ಎಂದೆ. ತಿಪ್ಪೆಯಲ್ಲಿ ಚಿಗುರಿದ ಪೈರಿನ ಕಥೆ ಹೇಳಿದೆ, ಗೋಣಿಯ ತೂಕ ಹೇಳಿದೆ, ಅವ್ವ ಆಗ ಮುದ್ದೆ ತೊಳಸುತ್ತಿದ್ದ ಸದ್ದಿನವರೆಗೆ ಹೇಳಿದೆ. ನಾನು ವಿವರ ಹೇಳಿದಷ್ಟೂ ಅವಳ ಕಣ್ಣು ಕಿರಿದಾಯಿತು. ಇಷ್ಟು ವರ್ಷದ ಹಿಂದಿನದು ಇಷ್ಟು ಚೆನ್ನಾಗಿ ಯಾರಿಗೆ ನೆನಪಿರುತ್ತದೆ ಎಂದಳು.

"ನಮ್ಮತ್ತೆ ಕೋಳೀನೂ ನಂಬ್ದೆ ಇದ್ದೋರು. ಅಂತೋರು ನಿನ್ನ ನಂಬಿದ್ರು. ಅವ್ರ್ಗಿಂತ ನಾನ್ ಬುದ್ವಂತೆಯ? ಓಗು, ಒಳಗೋಗಿ ಕೈಕಾಲ್ ತೊಳ್ಕೊ. ದೃಷ್ಟಿ ತೆಗೀತೀನಿ."

ನನ್ನನ್ನು ಕೂರಿಸಿ, ಉಪ್ಪು ಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕಿದಳು. ಮೆಣಸಿನಕಾಯಿ ಘಾಟು ಬರಲಿಲ್ಲವಂತೆ. ನೋಡು, ಎಷ್ಟು ಗಟ್ಟಿಯಾಗಿ ಹಿಡಿದಿದೆ ಎಂದಳು. ನನಗೆ ಕೆಮ್ಮು ಬರುತ್ತಿತ್ತು.

ಮಂಡ್ಯಕ್ಕೆ ಹಿಂದಿರುಗುವ ಬದಲು ಸೋಮನಹಳ್ಳಿಗೇ ಹೋದೆ. ಫೋನಿನಲ್ಲಿ ಹೇಳುವ ಮಾತಾಗಿರಲಿಲ್ಲ. ದಾರಿಯಲ್ಲಿ ಬಸ್ಸಿನಲ್ಲಿ ಕೂತು, ಅವ್ವ ನಂಬಿದಳು ಎಂದುಬಿಟ್ಟರೆ ಹೇಗೆ ಎಂದು ಯೋಚಿಸಿದೆ. ಬಾಯಿ ಅದಕ್ಕೆ ಸಿದ್ಧವಾಗಿಯೇ ಇತ್ತು, ಅದಕ್ಕೆ ಅಭ್ಯಾಸವಿದೆ. ಚಿಕ್ಕವ್ವ ಮಡಿಯ ಹತ್ತಿರವೇ ಇದ್ದಳು. ನನ್ನ ಚಪ್ಪಲಿಯ ಸದ್ದಿಗೆ ತಲೆ ಎತ್ತಿ, ನಾನು ಬಾಯಿ ತೆಗೆಯುವ ಮೊದಲೇ ಕೇಳಿದಳು.

"ನಂಬ್ನಿಲ್ಲ, ಅಲ್ವಾ?"

"ಇಲ್ಲ. ನೀನೇ ಹೇಳಿಕೊಟ್ಟಿದ್ದೀಯ ಅಂದಳು."

ಅವಳು ತಲೆ ತಗ್ಗಿಸಿ ಒಂದು ಕಳೆ ಕಿತ್ತಳು, ಇನ್ನೊಂದು ಕಿತ್ತಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ನಿನ್ ಮಾತು ನಡೀತಿದ್ದಾಗ ಏಳ್ಬೇಕಿತ್ತು ಕಣವ್ವ," ಎಂದಳು.